ಗೆರೆಯಾಚೆಯ ಹೆಬ್ಬೆರಳು

ಮತ್ತೆ ಆ ಬಿಳಿ ಗೆರೆ — ಹುಡುಗಿ ಚೂಪು ಮೂತಿಯ ಹೊಸ ಷೂ ಕಳಚಿದ್ದೇ ತಡ, ಹೆಬ್ಬೆರಳ ಬುಡದಲ್ಲಿ ಒತ್ತಿ ಮೂಡಿದ ಬಿಳಿ ಗೆರೆ, ಕಣ್ಣೆದುರೇ ಕೆಂಪಾಯಿತು, ಇಪ್ಪತ್ತು ವರ್ಷ ಈ ಅಂಗಡಿಯಲ್ಲಿ ಈ ಸ್ಟೂಲಿನ ಮುಂದೆ ಮಂಡಿಯೂರಿ ಊರಿಗೆಲ್ಲ ಷೂ ತೊಡಿಸಿದವಳು ಅವಳು, ಎಷ್ಟು ಗೆರೆ ನೋಡಿಯೂ ನೋಡದ ಹಾಗಿದ್ದಳೋ, ಬಿಗಿ ಅಲ್ವಾ ಆಂಟಿ, ಹುಡುಗಿ ಕೇಳುತ್ತಿದ್ದಾಳೆ, ಸೋಮವಾರದಿಂದ ಕೆಲಸ, ಇಡೀ ದಿನ ನಿಂತೇ ಇರ್ಬೇಕು, ಕೌಂಟರಿನಿಂದ ಅಂಗಡಿ ಯಜಮಾನರ ಕೆಮ್ಮು — ಗೊತ್ತು ಆ ಕೆಮ್ಮಿನ ಅರ್ಥ, ನಾಲ್ಕು ದಿನ ಹಾಕಿದ್ರೆ ಸಡಿಲ ಆಗುತ್ತೆ ಅಂತ ಹೇಳು, ಬೆಳಿಗ್ಗೆ ತಾನೇ ಎಲ್ಲರೆದುರು ಅಂದಿದ್ದರು, ಇನ್ನೊಂದು ಗಿರಾಕಿ ಬರಿಗೈಲಿ ಹೋದ್ರೆ ಹಿಂದೇನೇ ನೀನೂ ಹೊರಡು, ಸಡಿಲ ಆಗುತ್ತೆ, ಬಾಯಿಪಾಠದ ಸುಳ್ಳು, ಮೊದಲು ಹೇಳಿಕೊಂಡದ್ದು ತನ್ನ ಕಾಲಿಗೇ, ಶೋಕೇಸಿನ ಮಾದರಿ ಜೋಡಿಗಳೆಲ್ಲ ಐದನೇ ನಂಬರು, ಬಣ್ಣ ಮಾಸಿದ ಮೇಲೆ ಕೆಲಸದವರಿಗೆ, ತನ್ನ ಕಾಲು ಏಳನೇದು, ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅಂತ ವರ್ಷಗಟ್ಟಲೆ ತುರುಕಿಕೊಂಡಳಲ್ಲ, ಥೂ, ಈಗ ಹೆಬ್ಬೆರಳ ಬುಡದಲ್ಲಿ ಗೋಲಿಯಷ್ಟು ಗಂಟು, ಹೆಬ್ಬೆರಳು ಪಕ್ಕದ ಬೆರಳ ಮೇಲೆ ಮಲಗಿದೆ, ಚಪ್ಪಲಿ ಅಂಗಡಿಯವಳಿಗೇ ಹಾಕೋಕೆ ಚಪ್ಪಲಿ ಇಲ್ವಲ್ಲೇ ಅಂತ ಅಕ್ಕ ನಗುತ್ತಾಳೆ, ನಗಲಿ — ಕಾಲು ತೋರಿಸಲು ಹೋದಾಗ ಡಾಕ್ಟರಮ್ಮ ನಗಲಿಲ್ಲ, ಹಾಳೆ ಹಾಸಿ ಅದರ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದು, ಆ ಗೆರೆಯ ಮೇಲೆ ಇವಳದೇ ಷೂ ಇಟ್ಟರು, ಬೆರಳಗಲ ಪಾದ ಹೊರಗೆ, ನೋಡಮ್ಮ, ಇಷ್ಟನ್ನ ದಿನಾ ಎಲ್ಲಿ ಬಚ್ಚಿಡ್ತಿದ್ದೆ, ಬೆರಳು ಆಡೋಷ್ಟು ಅಗಲದ್ದು ಹಾಕು, ಬೆರಳ ಮಧ್ಯೆ ಮೆತ್ತೆ ಇಡು, ಬಾತಾಗ ಐಸ್ ಒತ್ತು, ನೋವು ಕಮ್ಮಿಯಾಗುತ್ತೆ, ಗಂಟು ಮಾತ್ರ ತಾನಾಗಿ ಹಿಂದಕ್ಕೆ ಹೋಗಲ್ಲ, ತೀರಾ ತಡೆಯೋಕಾಗದಿದ್ರೆ ಆಪರೇಷನ್ — ಹಿಂದಕ್ಕೆ ಹೋಗಲ್ಲ, ಇದನ್ನು ಮೊದಲೇ ಒಬ್ಬರು, ಒಬ್ಬರಾದರೂ ಹೇಳಬಾರದಿತ್ತೇ, ಮತ್ತೆ ಕೆಮ್ಮು, ಕೆಮ್ಮಲಿ, ಗಂಟಲು ಹರಿಯಲಿ, ಕೆಲಸ ಹೋದರೆ ಹೋಯಿತು, ಮಂಡಿಯೂರಿದವಳು ಅಂದಮಾತ್ರಕ್ಕೆ ತಲೆಯನ್ನೂ ತಗ್ಗಿಸಬೇಕೇ, ಷೂ ಡಬ್ಬಿಯ ಮುಚ್ಚಳ ನೆಲದ ಮೇಲೆ ಅಂಗಾತ ಇಟ್ಟಳು, ಕಿವಿಯ ಸಂದಿಯಿಂದ ಪೆನ್ಸಿಲ್ ಎಳೆದಳು, ಇದರ ಮೇಲೆ ನಿಂತ್ಕೋ ಮಗಳೇ, ಪೂರ್ತಿ ಭಾರ ಬಿಡು, ಹಿಮ್ಮಡಿ, ಕಿರುಬೆರಳು, ಹೆಬ್ಬೆರಳು, ಸುತ್ತಲೂ ಗೆರೆ, ಏನೇ ಅದು ಆಟ, ಯಜಮಾನರ ಹೆಜ್ಜೆ ಬೆನ್ನ ಹಿಂದೆಯೇ ನಿಂತಿತು, ಅವಳು ತಿರುಗಲಿಲ್ಲ, ತನ್ನ ಷೂ ಕಳಚಿ ಗಂಟಿನ ಕಾಲನ್ನು ಹುಡುಗಿಯ ಪಾದದ ಪಕ್ಕಕ್ಕೇ ಚಾಚಿದಳು, ಇದು ಸಡಿಲ ಆಗಲ್ಲಮ್ಮ, ನಾನೇ ಸಾಕ್ಷಿ, ಹುಡುಗಿ ಕಾಲು ತೆಗೆದದ್ದೇ ಆ ಚೂಪು ಮೂತಿಯ ಚಂದದ ಷೂ ಎತ್ತಿ ಗೆರೆಯ ಮೇಲಿಟ್ಟಳು — ಅಂಚಿನಾಚೆ ಪೆನ್ಸಿಲ್ ಗೆರೆ, ಬೆರಳಗಲ, ಹೊರಗೆ.