ಕೂಗಿನ ಪರವಾನಗಿ

ಹಳಿಯಾಳ ಬಸ್ ನಿಲ್ದಾಣದ ಎದುರಿನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ಪೂರ್ಣಿಮಾ ಬೆಳಗಿನಿಂದ ಮೂರು ಲೈಸೆನ್ಸುಗಳ ಪ್ರಿಂಟು ಹಿಡಿದು ಕೂತಿದ್ದಳು. ಯಾರೋ ಆಧಾರ್ ಕಾರ್ಡಿನ ಪ್ರತಿ ಕೇಳಿದರೆ ಲೈಸೆನ್ಸಿನ ಪ್ರತಿಯನ್ನೇ ತೆಗೆದು ಕೈಗಿಟ್ಟು ಬೈಸಿಕೊಂಡದ್ದೂ ಆಯಿತು. ಪಾಪ, ಅವಳದೇನು ತಪ್ಪು? ಹುಬ್ಬಳ್ಳಿಯ ಕಂಪನಿಯೊಂದರ ಶರಣಬಸವ ಸಂಜೆ ನಾಲ್ಕಕ್ಕೆ ಉತ್ತರ ಕೇಳಲು ಬರುವವನಿದ್ದ.

ವಿಷಯ ಇಷ್ಟೇ. ಆನೆ ಹೊಲಕ್ಕೆ ಇಳಿದಾಗ ಅಟ್ಟಣಿಗೆಯ ಮೇಲಿನ ಕಾವಲಿನವ ಕೂಗಬೇಕು, ಕೇಳಿದವ ಮುಂದಿನ ಹೊಲದವನಿಗೆ ಕೂಗಬೇಕು. ಕೂಗು ಯಾರ ಹತ್ತಿರವೂ ನಿಲ್ಲಕೂಡದು. ಆ ಸೀಮೆಯ ಕಟ್ಟಳೆಯೇ ಹಾಗೆ. ಇದೇ ಕೆಲಸಕ್ಕೆ ಪೂರ್ಣಿಮಾ ಒಂದು ಆ್ಯಪ್ ಬರೆದಿದ್ದಳು. ಒಬ್ಬ ಗುಂಡಿ ಒತ್ತಿದರೆ ಆನೆ ಮುಂದೆ ಯಾರ ಯಾರ ಹೊಲ ತುಳಿಯಬಹುದೋ ಅವರೆಲ್ಲರ ಫೋನು ಬಡಿದುಕೊಳ್ಳುತ್ತಿತ್ತು. ಹೆಸರೂ 'ಕೂಗು' ಎಂದೇ. ಅವಳ ಅಪ್ಪ ಗೂಳಪ್ಪನ ಕಾಲನ್ನು ಆನೆ ಮುರಿದಿತ್ತು. ಅವನು ಸಾಯುವತನಕ ಕೋಲೂರಿ ನಡೆದದ್ದನ್ನು ನೋಡಿ ಬೆಳೆದ ಹುಡುಗಿ ಇನ್ನೇನು ಬರೆದಾಳು?

ಕಂಪನಿಯವರು ಇದನ್ನು ಇನ್ನೂರು ಹಳ್ಳಿಗೆ ಮುಟ್ಟಿಸುತ್ತೇವೆ ಎಂದಿದ್ದರು. ಷರತ್ತು ಒಂದೇ: ಆ್ಯಪನ್ನು ಬೇರೆಯವರು ಹೇಗೆ ಬಳಸಬಹುದೆಂದು ಹೇಳುವ ಲೈಸೆನ್ಸು ಎಂಐಟಿ ಎಂಬುದಾಗಿರಬೇಕು. ಅದು ಒಂದೇ ಪುಟದ್ದು, ಓದಲು ಹಿತ. ನಮ್ಮ ಹೆಸರು ಅಳಿಸಬೇಡಿ, ಉಳಿದಂತೆ ಏನು ಬೇಕಾದರೂ ಮಾಡಿಕೊಳ್ಳಿ, ಅಷ್ಟೇ. ಎರಡನೆಯದು ಜಿಪಿಎಲ್: ತಿದ್ದಿ ಬೇರೆಯವರಿಗೆ ಕೊಟ್ಟರೆ ತಿದ್ದಿದ ಬರಹವನ್ನೂ, ಅಂದರೆ ಆ್ಯಪಿನ ಕೋಡನ್ನೂ, ಜೊತೆಗೇ, ಇದೇ ಷರತ್ತಿನ ಮೇಲೆ, ಕೊಡಬೇಕು. ಮೂರನೆಯದು ಎಜಿಪಿಎಲ್, ಅದರ ಹಟಮಾರಿ ತಂಗಿ: ತಿದ್ದಿದ್ದನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಇಂಟರ್ನೆಟ್ಟಿನ ಮೇಲೆ ಬಳಸಲು ಬಿಟ್ಟರೂ ಬಳಸುವವರಿಗೆ ಬರಹ ಸಿಗಬೇಕು. ಕಂಪನಿ ಮಾಡಹೊರಟಿದ್ದು ಹೀಗೆ ತನ್ನಲ್ಲೇ ಇಟ್ಟುಕೊಂಡು ಬಳಸಲು ಬಿಡುವುದನ್ನೇ. ಇನ್ನೂರು ಹಳ್ಳಿ ಎಂಬ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಪೂರ್ಣಿಮಾಳ ಮನಸ್ಸು ಮಾತ್ರ ಎಂಐಟಿಯ ಕಡೆಗೇ ವಾಲಿತ್ತು.

ಆದರೆ ಅವಳೊಬ್ಬಳ ಮನಸ್ಸು ಸಾಲದು. ಆನೆ ಯಾವ ಹೊಲದಿಂದ ಯಾವ ಹೊಲಕ್ಕೆ ಇಳಿಯುತ್ತದೆ ಎಂಬ ದಾರಿಗಳನ್ನೆಲ್ಲ ಹೇಳಿ ಬರೆಸಿದವನು ತಾಂಡಾದ ಥಾವರೆಪ್ಪ. ಎಪ್ಪತ್ತರ ಮುದುಕ, ಎರಡು ಸುಗ್ಗಿ ಅವಳನ್ನು ಬದುವಿನ ಮೇಲೆ ನಡೆಸಿ ನಡೆಸಿ ತೋರಿಸಿದ್ದ. ಸೊಪ್ಪು ಮುರಿಯುವ ಸದ್ದಿನಲ್ಲೇ ಎಷ್ಟು ಆನೆ ಎಂದು ಹೇಳುವ ಅವನ ಕಿವಿಯನ್ನು ಕಂಡರೆ ಅವಳಿಗೆ ಈಗಲೂ ಬೆರಗು. ಮಧ್ಯಾಹ್ನ ಸ್ಕೂಟಿ ಹತ್ತಿ ತಾಂಡಾಕ್ಕೆ ಹೋದಳು.

ಥಾವರೆಪ್ಪ ಅಂಗಳದಲ್ಲಿ ಗೋವಿನಜೋಳದ ತೆನೆ ಸುಲಿಯುತ್ತಿದ್ದ. ಅವಳು ಮೂರೂ ಕಾಗದ ಹಾಸಿ ಒಂದೊಂದಾಗಿ ಬಿಡಿಸಿ ಹೇಳಿದಳು. ಅವನು ಕೈ ನಿಲ್ಲಿಸದೆ ಕೇಳಿದ.

"ಅವರು ಇದನ್ನ ಇನ್ನೂ ಛಲೋ ಮಾಡಿದ್ರ, ಹೊಸ ದಾರಿ ಹುಡುಕಿ ಸೇರಿಸಿದ್ರ, ನಮಗ ಬರತೈತೇನು ತಂಗಿ?"

"ಈ ಸಣ್ಣ ಕಾಗದದಾಗ ಹಂಗೇನಿಲ್ಲ ಕಾಕಾ. ಕೊಟ್ರ ಕೊಟ್ರು, ಬಿಟ್ರ ಬಿಟ್ರು."

"ಅಂದ್ರ ತಮ್ಮ ಹೊಲ ಉಳದ್ಮ್ಯಾಲ ಸುಮ್ನ ಕೂಡಬಹುದು." ಅವನ ಕೈ ಈಗ ನಿಂತಿತು. "ನಿಮ್ಮಪ್ಪನ ಕಾಲು ಹೆಂಗ ಮುರೀತಂತ ನಿನಗ ಗೊತ್ತೈತೇನು?"

"ಅವತ್ತು ಗಾಳಿ ಭಾಳ ಇತ್ತು, ನಿಮ್ಮ ಕೂಗು ಕೇಳಲಿಲ್ಲ ಅಂತಿದ್ದ ಅಪ್ಪ."

"ಗಾಳಿ ಇರಲಿಲ್ಲ. ನಾ ಕೂಗಲೇ ಇಲ್ಲ."

ಪೂರ್ಣಿಮಾ ಕಾಗದಗಳಿಂದ ತಲೆ ಎತ್ತಿದಳು.

"ನನ್ನ ಜ್ವಾಳದಾಗ ಇಳದಿದ್ದವು. ಪಟಾಕಿ ಹಾರಿಸಿ ಓಡಿಸಿದೆ. ಕೂಗಿದ್ರ ಮುಂದಿನವರು ಡಬ್ಬಿ ಬಡೀತಾರ, ಆನಿ ತಿರುಗಿ ನನ್ನ ಕಡೇನ ಬರತಾವ ಅಂತ ಬಾಯಿ ಮುಚ್ಚಿ ಕುಂತೆ. ಸೀದಾ ನಿಮ್ಮ ಹೊಲಕ್ಕ ಹೋದವು."

"ಅಪ್ಪಗ ಗೊತ್ತಿತ್ತೇನು?"

"ದವಾಖಾನ್ಯಾಗ ನಾನ ಹೇಳಿದೆ, ಕಾಲು ಹಿಡಕೊಂಡು. 'ಗಾಳಿ ಇತ್ತು ಅಂದಬಿಡೂಣು ಥಾವರಾ, ಇಲ್ಲಂದ್ರ ಊರಾಗ ನಿನ್ನ ಮಾತು ಯಾರೂ ಕೇಳೂದಿಲ್ಲ' ಅಂದ ನಿಮ್ಮಪ್ಪ. ಅವತ್ತಿನಿಂದ ನಾ ಒಂದು ಕೂಗೂ ತಡದಿಲ್ಲ. ನಿನಗ ದಾರಿ ತೋರ್ಸಿದ್ದೂ ಅದಕ್ಕ."

ಅವಳಿಗೆ ಸಿಟ್ಟು ಬಂತು, ಬರದೇ ಇರುತ್ತದೆಯೇ? ಎದ್ದು ಹೋಗಬೇಕೆನಿಸಿತು. ಆದರೆ ಕಾಲು ಮುರಿದು ಮಲಗಿ, ತನ್ನನ್ನು ಹಾಗೆ ಮಲಗಿಸಿದವನ ಮರ್ಯಾದೆ ಕಾಯ್ದ ಅಪ್ಪ ಕಣ್ಣಿಗೆ ಕಟ್ಟಿದ. ಎಂಥ ಮನುಷ್ಯ! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ತನಗೆ ಸುಳಿವು ಕೊಟ್ಟಿರಲಿಲ್ಲ. ಈ ಮುದುಕನೂ ಅಷ್ಟೇ, ಮುಚ್ಚಿಟ್ಟಿದ್ದರೆ ಯಾರು ಕೇಳುತ್ತಿದ್ದರು? ಅವಳು ಮೂಗು ಒರೆಸಿಕೊಂಡು ಮೊದಲೆರಡು ಕಾಗದ ಮಡಚಿದಳು.

"ಸ್ಕೂಟಿ ಹತ್ತರಿ ಕಾಕಾ. ನಾಕಕ್ಕ ಅವ ಬರ್ತಾನ."

ಶರಣಬಸವ ಕೆಟ್ಟವನೇನಲ್ಲ. ಅಂಗಡಿಗೆ ಬಂದು ಮೂರನೆಯ ಲೈಸೆನ್ಸು ನೋಡಿ ನಿಜವಾಗಿಯೇ ಪೇಚಾಡಿದ. "ಇದಕ್ಕ ನಮ್ಮ ಕಂಪನಿಯವರು ಒಪ್ಪೂದಿಲ್ಲ ಮೇಡಂ. ಇನ್ನೂರು ಹಳ್ಳಿ ಹೋಗತಾವ್ರಿ, ವಿಚಾರ ಮಾಡ್ರಿ."

"ವಿಚಾರ ಮಾಡೇ ಹೇಳಾಕ್ಹತ್ತೇನ್ರಿ. ಯಾರು ಬೇಕಾದ್ರೂ ಒಯ್ರಿ, ತಿದ್ರಿ, ಮಾರ್ರಿ. ತಿದ್ದಿದ್ದನ್ನ ಮಾತ್ರ ಮುಂದಿನವರಿಗೆ ಕೊಡ್ರಿ. ಕೂಗು ನಿಮ್ಮ ಹತ್ರ ನಿಲ್ಲಬಾರದು."

ಅವನು ಕಾಗದ ತೆಗೆದುಕೊಂಡು, ಕೇಳಿ ನೋಡುತ್ತೇನೆ ಎಂದು ಹುಬ್ಬಳ್ಳಿ ಬಸ್ಸು ಹತ್ತಿದ. ಬಸ್ಸು ತಿರುವು ದಾಟುವತನಕ ಅವಳು ಬಾಗಿಲಲ್ಲೇ ನಿಂತು ನೋಡಿದಳು. ಇನ್ನೂರು ಹಳ್ಳಿ ಎಂದರೆ ಸುಮ್ಮನೆಯೇ?

ಒಳಗೆ ಬಂದು ಲೈಸೆನ್ಸಿನ ಫೈಲು ತೆರೆದಳು. ಮೊದಲ ಸಾಲಿನಲ್ಲಿ ಹಕ್ಕುದಾರರ ಹೆಸರು ಬರೆಯಬೇಕು.

"ನನ್ನ ಹೆಸರು ಬ್ಯಾಡ," ಎಂದ ಥಾವರೆಪ್ಪ.

ಅವಳು ಕೇಳಿಸಿಕೊಳ್ಳಲಿಲ್ಲ. ಥಾವರೆಪ್ಪ ಎಂದು ಟೈಪ್ ಮಾಡಿ, ಪಕ್ಕದಲ್ಲಿ ಪೂರ್ಣಿಮಾ ಗೂಳಪ್ಪ ಎಂದು ಬರೆದಳು. ಮುದುಕನಿಗೆ ತನ್ನ ಹೆಸರಷ್ಟೇ ಓದಲು ಬರುತ್ತಿತ್ತು. ಪರದೆಯ ಮೇಲೆ ಅದನ್ನು ಬೆರಳಿಟ್ಟು ಹುಡುಕಿದ.

"ಇದು ನಂದು. ಗೂಳಪ್ಪ ಎಲ್ಲೆದಾನ?"

ಅವಳು ಅವನ ಬೆರಳು ಹಿಡಿದು ಪಕ್ಕದ ಹೆಸರಿನ ಮೇಲಕ್ಕೆ ಸರಿಸಿದಳು. ಅವನು ಅಲ್ಲೇ ಬಹಳ ಹೊತ್ತು ಬೆರಳಿಟ್ಟುಕೊಂಡು ನಿಂತ.

"ನಮ್ಮ ಹೊಲಾನೂ ಹಿಂಗ ಅಕ್ಕಪಕ್ಕ ಇದ್ದವು," ಎಂದ.