ಎಡ ಮಗ್ಗುಲಿನ ಗುಳಿ

ನಾನು ಒಂದು ಕಾರು. ಹಾಗೆ ಹೇಳಿಕೊಳ್ಳುವಾಗ ಒಂದಿಷ್ಟು ಅಳುಕಾಗುತ್ತದೆ. ನನಗೆ ಎಂಜಿನ್ ಇರಲಿಲ್ಲ. ಗೇರು, ಬ್ರೇಕು, ಪೆಟ್ರೋಲ್ ಟ್ಯಾಂಕು ಯಾವುದೂ ಇರಲಿಲ್ಲ. ಇಡೀ ಆಯುಷ್ಯದಲ್ಲಿ ನಾನು ಉರುಳಿದ ದೂರವನ್ನೆಲ್ಲ ಕೂಡಿಸಿದರೂ ಒಂದು ಕಿಲೋಮೀಟರ್ ಆಗಲಿಕ್ಕಿಲ್ಲ. ಅದೂ ಜನ ಹಿಂದಿನಿಂದ ಕೈಕೊಟ್ಟು ತಳ್ಳಿದ್ದು. ಆದರೂ ಮೂರು ದಿನ ನನ್ನನ್ನು ನೋಡಲು ಜನ ಸಾಲುಗಟ್ಟಿ ನಿಂತರು. ಆ ಮೂರು ದಿನಗಳನ್ನು ನೆನೆದುಕೊಂಡೇ ನಾನು ಈಗ ಬದುಕಿರುವುದು.

ನನ್ನಂಥವರನ್ನು ಕಾನ್ಸೆಪ್ಟ್ ಕಾರು ಎನ್ನುತ್ತಾರೆ. ಮುಂದೆ ಇಂಥದೊಂದು ಕಾರು ಮಾಡಿದರೆ ಜನ ಏನನ್ನಬಹುದು ಎಂದು ತಿಳಿಯಲು ಮಾಡುವ ಒಂದೇ ಒಂದು ಮಾದರಿ. ನಾನು ಉದ್ದ ಮೂತಿಯ, ತಗ್ಗು ಛಾವಣಿಯ, ನಾಲ್ಕು ಬಾಗಿಲ ಐಷಾರಾಮಿ ಸ್ಪೋರ್ಟ್ಸ್ ಸೆಡಾನ್. ಬಾಗಿಲುಗಳಲ್ಲಿ ತೆರೆಯುತ್ತಿದ್ದದ್ದು ಒಂದು ಮಾತ್ರ.

ನಾನು ಹುಟ್ಟಿದ್ದು ಬೆಂಗಳೂರಿನ ಹೊರವಲಯದ ಒಂದು ವಿನ್ಯಾಸ ಕಚೇರಿಯ ಮಣ್ಣಿನ ಕೋಣೆಯಲ್ಲಿ. ಎಲ್ಲರೂ ಅದನ್ನು ಕ್ಲೇ ರೂಮು ಎನ್ನುತ್ತಿದ್ದರು. ಮೇಣ ಬೆರೆತ ಕಂದು ಮಣ್ಣು ಅದು. ನೀರಿಗೆ ಕರಗದು, ಬಿಸಿಗೆ ಮೆತ್ತಗಾಗುತ್ತದೆ. ಅದನ್ನು ಒಲೆಯಲ್ಲಿಟ್ಟು ಬೆಚ್ಚಗೆ ಮಾಡಿ, ಥರ್ಮೋಕೋಲಿನ ದೊಡ್ಡ ಗೂಡಿಗೆ ಅಂಗೈಯಿಂದ ತಟ್ಟಿ ತಟ್ಟಿ ಮೆತ್ತಿ, ಆರಿದ ಮೇಲೆ ಉಕ್ಕಿನ ತೆಳು ಪಟ್ಟಿಗಳಿಂದ ಕೆರೆದು ಕೆರೆದು ನನ್ನನ್ನು ಹೊರತೆಗೆದರು. ನನಗೆ ಮೊದಲು ತಿಳಿದದ್ದು ಒಂದು ಅಂಗೈಯ ಬಿಸಿ. ಅದು ಪರಸಪ್ಪ ಚಿತ್ರಗಾರರದು.

ಪರಸಪ್ಪನವರು ಗೋಕಾಕದವರು. ಅವರ ಮನೆತನದಲ್ಲಿ ಮಣ್ಣಿನ, ಮರದ ಬೊಂಬೆ ಮಾಡುತ್ತಿದ್ದರು. ಪೇರಲ, ಮಾವು, ಸೀತಾಫಲವನ್ನು ಅವರಪ್ಪ ಎಷ್ಟು ಚಂದ ಮಾಡುತ್ತಿದ್ದರೆಂದರೆ ಇರುವೆಗಳು ಬಂದು ಮೂಸಿ ಹೋಗುತ್ತಿದ್ದವಂತೆ. ನನಗೆ ಅದನ್ನು ಹೇಳಿದವರು ಪರಸಪ್ಪನವರೇ. ಕೆಲಸ ಮಾಡುವಾಗ ಅವರು ನನ್ನೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ಬೇರೆಯವರು ಬಂದರೆ ಸುಮ್ಮನಾಗುತ್ತಿದ್ದರು.

ನನ್ನ ಗೆರೆಗಳನ್ನು ಕಾಗದದ ಮೇಲೆ ಬರೆದವಳು ದೇಚಮ್ಮ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ. ಅವಳ ಮೇಲೆ, ಎಲ್ಲರ ಮೇಲೆ, ನಜೀರ್ ಮಿರ್ಜಾ ಸಾಹೇಬರು. ಅವರು ಮುಖ್ಯ ವಿನ್ಯಾಸಕಾರರು. ಮೊಣಕಾಲೂರಿ ಕುಳಿತು ಒಂದು ಕಣ್ಣು ಮುಚ್ಚಿ ನನ್ನ ಮಗ್ಗುಲನ್ನು ನೋಡುವರು. ಒಂದು ಗೆರೆ ಕೂದಲೆಳೆಯಷ್ಟು ತಪ್ಪಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಹಿಂದಿನ ಒಂದು ಕಾರಿನಲ್ಲಿ ಪರಸಪ್ಪನವರು ತಮಗೆ ಸರಿಕಂಡಂತೆ ಒಂದು ಅಂಚನ್ನು ನಯ ಮಾಡಿದ್ದರಂತೆ. ಆಗ ಸಾಹೇಬರು, "ಚಿತ್ರಗಾರ್, ಇನ್ನೊಂದು ಸಲ ಡ್ರಾಯಿಂಗ್‌ನಲ್ಲಿ ಇಲ್ಲದ್ದು ನಿಮ್ಮ ಕೈಯಿಂದ ಬಂದ್ರೆ, ಗೋಡೌನಿಗೆ ಹಾಕ್ತೀನಿ. ಅಲ್ಲಿ ಡಬ್ಬ ಕಟ್ಕೊಂಡಿರಿ" ಎಂದಿದ್ದರು. ಪರಸಪ್ಪನವರಿಗೆ ಆ ಮಾತು ಮರೆತಿರಲಿಲ್ಲ. ಅವರಿಗೆ ಐವತ್ತಾರು ವರ್ಷ. ಮಣ್ಣು ಮುಟ್ಟದೆ ಕಳೆಯುವ ದಿನವನ್ನು ಅವರು ಊಹಿಸಿಕೊಂಡೂ ಇರಲಿಲ್ಲ.

ಆದರೆ ಅವರಿಗೊಂದು ಅಭ್ಯಾಸವಿತ್ತು. ಯಾವುದೇ ಗೊಂಬೆ ಪೂರ್ತಿಯಾದ ಹೊತ್ತಿಗೆ, ಬೇರೆಯವರು ಅದನ್ನು ನೋಡುವ ಮೊದಲು, ಕಣ್ಣಿಗೆ ಬೀಳದ ಒಂದು ಕಡೆ ಹೆಬ್ಬೆರಳಿನಿಂದ ಒತ್ತಿಬಿಡುವುದು. ಊನವಿಲ್ಲದ ವಸ್ತುವಿನ ಮೇಲೆ ಜನರ ಕಣ್ಣು ಬೀಳಬಾರದು ಎಂದು. ನೋಡುವವರು ನೋಡಿ ಹೋದ ಮೇಲೆ ಅದನ್ನು ತೀಡಿ ಸರಿಮಾಡುವುದು. ಕ್ಲೇ ರೂಮಿನಲ್ಲೂ ಅವರು ಪ್ರತಿ ಕಾರಿಗೆ ಹೀಗೇ ಮಾಡುತ್ತ ಬಂದಿದ್ದರು. ಹದಿನೇಳು ವರ್ಷ ಯಾರಿಗೂ ತಿಳಿದಿರಲಿಲ್ಲ.

ನನ್ನನ್ನು ಕಂಪನಿಯ ದೊಡ್ಡವರು ನೋಡಲು ಬರುವ ದಿನ, ಅವರು ಬರುವುದಕ್ಕೆ ಐದು ನಿಮಿಷ ಮೊದಲು, ಪರಸಪ್ಪನವರು ನನ್ನ ಎಡ ಮಗ್ಗುಲಿಗೆ ಬಂದರು. ಹಿಂದಿನ ಬಾಗಿಲು ಮುಗಿದು ಚಕ್ರದ ಕಮಾನು ಶುರುವಾಗುವಲ್ಲಿ ಹೆಬ್ಬೆರಳು ಇಟ್ಟರು. ಒತ್ತಿದರು. ನೋವೇನೂ ಆಗಲಿಲ್ಲ. ಯಾರೋ ಕಿವಿಯ ಹತ್ತಿರ ನನ್ನ ಹೆಸರು ಕರೆದಂತಾಯಿತು, ಅಷ್ಟೆ.

ದೊಡ್ಡವರು ಬಂದರು, ತಲೆಯಾಡಿಸಿದರು, ಹೋದರು. ಹೋಗುವಾಗ, ಕಾರು ಪ್ರದರ್ಶನ ಹತ್ತು ದಿನ ಮುಂಚೆಯೇ ನಡೆಯುತ್ತದೆ, ಬೇಗ ಮುಗಿಸಿ ಎಂದರು. ಅಚ್ಚು ತೆಗೆಯುವವರು ಅಂದೇ ಕೆಲಸಕ್ಕಿಳಿದರು. ಮರುದಿನ ಬೆಳಿಗ್ಗೆ ಪರಸಪ್ಪನವರು ಉಕ್ಕಿನ ಪಟ್ಟಿ ಹಿಡಿದು ಬಂದಾಗ ನನ್ನ ಮೈತುಂಬ ಅಚ್ಚಿನ ಅಂಟು ಹಚ್ಚಿ ಆಗಿತ್ತು. ಅವರು ಬಾಗಿಲಲ್ಲೇ ನಿಂತರು. ಹೇಳಬಹುದಿತ್ತು. ಹೇಳಿದರೆ ಗೋಡೌನು. ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದರು.

ಅಚ್ಚಿನಿಂದ ನನಗೆ ಫೈಬರಿನ ಹೊಸ ಮೈ ಬಂತು. ಗುಳಿಯೂ ಜೊತೆಗೇ ಬಂತು. ಬಣ್ಣ ಹೊಡೆಯುವ ಮುನ್ನ ದೇಚಮ್ಮ ನನ್ನ ಮೈಮೇಲೆ ಅಂಗೈ ಆಡಿಸುತ್ತ ಸುತ್ತಿದಳು. ಎಡ ಮಗ್ಗುಲಲ್ಲಿ ಅವಳ ಕೈ ನಿಂತಿತು. ಅವಳ ಸಣ್ಣ ಹೆಬ್ಬೆರಳು ಗುಳಿಯೊಳಗೆ ಇಳಿಯಿತು. ಆಚೆ ಕಡೆ ನಿಂತ ಪರಸಪ್ಪನವರು ಅವಳ ಕೈಯನ್ನೇ ನೋಡುತ್ತಿದ್ದರು. ಗುಳಿಗೆ ಪುಟ್ಟಿಯ ಲೇಪ ತುಂಬಿ ಸರಿಮಾಡಲು ಅಂದು ಸಮಯವಿತ್ತು. ದೇಚಮ್ಮ ಬೆರಳು ತೆಗೆದಳು, ಬಣ್ಣದವನ ಕಡೆ ತಿರುಗಿ, "ಹೊಡೀರಿ" ಎಂದಳು. ಅವತ್ತು ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಪ್ರದರ್ಶನ ತುಮಕೂರು ರಸ್ತೆಯ ದೊಡ್ಡ ಸಭಾಂಗಣದಲ್ಲಿ. ನನ್ನನ್ನು ತಿರುಗುವ ಕಟ್ಟೆಯ ಮೇಲೆ ನಿಲ್ಲಿಸಿ, ಮೇಲಿಂದ ನಲವತ್ತು ದೀಪ ಹಚ್ಚಿದರು. ಬಾಗಿಲು ತೆರೆಯಲು ಒಂದು ಗಂಟೆಯಿತ್ತು. ಕಟ್ಟೆ ಒಂದು ಸುತ್ತು ತಿರುಗಿತು. ಮಣ್ಣಿನಲ್ಲಿ ಕಾಣದಿದ್ದ ಗುಳಿಯ ಮೇಲೆ ಈಗ ದೀಪಗಳ ಪ್ರತಿಬಿಂಬ ಸೊಟ್ಟಗಾಯಿತು. ಮಿರ್ಜಾ ಸಾಹೇಬರು ಒಂದು ಕಣ್ಣು ಮುಚ್ಚಿದರು.

"ನಿಲ್ಸಿ."

ನಾನು ನಿಂತೆ.

"ಏನಿದು?"

"ನಂದರೀ ಸರ್ ಅದು," ಎಂದರು ಪರಸಪ್ಪನವರು. "ನಾನ ಒತ್ತೇನಿ. ಒರಸೋದು ಉಳೀತು."

"ಯಾಕೆ ಒತ್ತಿದ್ರಿ?"

"ಕಣ್ಣು ಬೀಳಬಾರ್ದು ಅಂತ್ರಿ."

ಸಾಹೇಬರು ಮುಚ್ಚಿದ್ದ ಕಣ್ಣು ತೆರೆದರು. "ಚಿತ್ರಗಾರ್, ಒಂದೊಂದು ಮಿಲಿಮೀಟರಿಗೆ ನಾನು ಎಂಟು ತಿಂಗಳು ಜಗಳ ಆಡಿದ್ದೀನಿ. ನೀವು ಹೆಬ್ಬೆಟ್ಟು ಒತ್ತಿಬಿಟ್ರಾ?"

"ಸರ್, ಪೇಂಟಿಗೆ ಮುಂಚೆ ನಾನು ನೋಡಿದ್ದೆ," ಎಂದಳು ದೇಚಮ್ಮ.

"ನೋಡಿ?"

"ಬಿಟ್ಟೆ."

"ಯಾಕಮ್ಮಾ?"

ಅವಳು ಗುಳಿಯ ಕಡೆ ನೋಡಿದಳು. ಉತ್ತರ ನನ್ನ ಹತ್ತಿರವಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಹದಿನಾರು ಅಡಿಯ ನನ್ನ ಮೈಯಲ್ಲಿ ಯಾರಿಗೂ ಮೆಚ್ಚುಗೆಯಾಗಲೆಂದು ಮಾಡದೆ ಇದ್ದ ಜಾಗ ಅದೊಂದೇ.

ಈಗ ತುಂಬಿ ಬಣ್ಣ ಹೊಡೆದು ಹೊಳಪು ಕೊಡಲು ಎರಡು ದಿನ ಬೇಕು. ಸಾಹೇಬರು ಕಟ್ಟೆಯನ್ನು ನಿಲ್ಲಿಸಿಯೇ ಇಡಿ ಎಂದರು. ನನ್ನ ಎಡ ಮಗ್ಗುಲನ್ನು ಗೋಡೆಯ ಕಡೆ ಮಾಡಿ, ಗುಳಿಯ ಮುಂದೆ ಎರಡು ಕ್ರೋಟನ್ ಕುಂಡ ಇಡಿಸಿದರು. ಪರಸಪ್ಪನವರ ಕೈಗೆ ಒಂದು ಮೆತ್ತನೆ ಬಟ್ಟೆ ಕೊಟ್ಟು, "ಜನ ಮುಟ್ಟಿದ ಕಡೆ ಒರೆಸ್ತಾ ಇರಿ. ನೀವು ಕ್ಲೇ ರೂಮಲ್ಲಿ ಇರ್ತೀರೋ ಇಲ್ವೋ, ಶೋ ಮುಗಿದ ಮೇಲೆ ನೋಡೋಣ," ಎಂದರು. ಪರಸಪ್ಪನವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. ಬಾನೆಟ್ಟಿನಿಂದ ಒರೆಸಲು ಶುರುಮಾಡಿದರು.

ಜನ ಬಂದರು. ಕಾರಿನ ಹುಚ್ಚಿನವರು ಎಂದರೆ ಏನೆಂದು ನನಗೆ ಅಂದು ಗೊತ್ತಾಯಿತು. ಅವರು ನೋಡುವುದಿಲ್ಲ, ವಿಚಾರಣೆ ಮಾಡುತ್ತಾರೆ.

"ಮೂತಿ ಸೂಪರ್ ಗುರು. ಹಿಂದುಗಡೆ ಮಾತ್ರ ಯಾಕೋ ನಿದ್ದೆಗಣ್ಣಲ್ಲಿ ಮಾಡಿದ ಹಾಗಿದೆ."

"ನಿನ್ ಮುಖ. ಹಿಂದುಗಡೇನೇ ಚೆನ್ನಾಗಿರೋದು."

"ಎಷ್ಟು ಕೆಳಗಿದೆ ನೋಡು. ನಮ್ಮ ಏರಿಯಾ ರೋಡ್ ಹಂಪ್‌ಗೆ ಹೊಟ್ಟೆ ಉಜ್ಜಿ ಅಲ್ಲೇ ಕೂತ್ಕೊಳ್ಳುತ್ತೆ."

"ಇದು ನಾನೂರು ಕುದುರೆಶಕ್ತಿ ಕಣೋ. ಬಾನೆಟ್ ಉದ್ದ ನೋಡಿದ್ರೆ ಗೊತ್ತಾಗಲ್ವಾ?"

"ನಾನೂರೈವತ್ತು. ಬೆಟ್ ಕಟ್ತೀಯಾ?"

ನನಗೆ ನಾಚಿಕೆಯಾಯಿತು. ನನ್ನ ಬಾನೆಟ್ಟಿನೊಳಗೆ ಇದ್ದದ್ದು ಒಂದು ಮರದ ಅಡ್ಡಪಟ್ಟಿ, ಮತ್ತೆ ಬಡಗಿ ಮರೆತುಹೋದ ಒಂದು ಪೆನ್ಸಿಲ್ಲು.

ಬೈದವರ ಮೇಲೂ ನನಗೆ ಕೋಪ ಬರಲಿಲ್ಲ. ಬೈಯಲಿಕ್ಕೂ ಅವರು ಅಷ್ಟು ಹತ್ತಿರ ಬಂದು, ಅಷ್ಟು ಹೊತ್ತು ನಿಂತು, ನನ್ನ ಒಂದೊಂದು ಅಂಚನ್ನೂ ಕಣ್ಣಿನಿಂದ ಸವರಿದರು. ಒಬ್ಬರು, ಗ್ಯಾರೇಜಿನ ಎಣ್ಣೆ ಉಗುರಿಗೆ ಇಳಿದಿದ್ದವರು, ಒಂದು ಗಂಟೆ ಎದುರು ನಿಂತಿದ್ದರು. ಫೋಟೋ ತೆಗೆಯಲಿಲ್ಲ, ಮಾತಾಡಲಿಲ್ಲ. ಹೋಗುವಾಗ ಪರಸಪ್ಪನವರಿಗೆ ತಲೆಬಾಗಿ ಹೋದರು. ಒರೆಸುವವನು ಎಂದುಕೊಂಡೇ ಹಾಗೆ ಮಾಡಿದರೋ, ಏನು ತಿಳಿಯಿತೋ, ನಾನರಿಯೆ.

ಆದರೆ ಎರಡನೆಯ ದಿನದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ತಿರುಗುವ ಕಟ್ಟೆ ಯಾಕೆ ತಿರುಗುತ್ತಿಲ್ಲ? ಮುಚ್ಚಿದ ಕಡೆಗೇ ಕಣ್ಣು. ಒಬ್ಬ ಕೋಲಿಗೆ ಫೋನು ಸಿಕ್ಕಿಸಿ ಕ್ರೋಟನ್ ಗಿಡದ ಮೇಲಿಂದ ಫೋಟೋ ತೆಗೆದ. ಮಧ್ಯಾಹ್ನದೊಳಗೆ ಆ ಗುಳಿ ಸಾವಿರಾರು ಫೋನುಗಳಿಗೆ ಹೋಗಿತ್ತು. ಕಾರ್ ಕ್ಲಬ್ಬಿನ ಟೀಶರ್ಟು ಹಾಕಿದವರ ಒಂದು ಗುಂಪು ನನ್ನ ಸುತ್ತ ಕಟ್ಟಿದ್ದ ಹಗ್ಗಕ್ಕೆ ಅಂಟಿ ನಿಂತು ವಾದಕ್ಕಿಳಿಯಿತು.

"ಬೆರಳಚ್ಚು ಲಾಕ್ ಅದು. ಬೆರಳಿಟ್ರೆ ಬಾಗಿಲು ತೆಗೆಯುತ್ತೆ."

"ಅಷ್ಟು ಹಿಂದೆ ಯಾವನಾದ್ರೂ ಲಾಕ್ ಇಡ್ತಾನಾ? ಚಾರ್ಜಿಂಗ್ ಜಾಗ."

"ಗಾಳಿ ಸೀಳೋಕೆ ಮಾಡಿರೋದು. ಸ್ಪೀಡಲ್ಲಿ ಹೋಗುವಾಗ ಅಲ್ಲಿ ಗಾಳಿ ಸುತ್ತುತ್ತೆ. ಓದಿದ್ದೀನಿ ನಾನು."

"ನೀನು ಓದಿದ್ದು ಎಸ್ಸೆಸ್ಸೆಲ್ಸಿ."

ಅವರ ಹಿಂದೆ, ಗಂಡನ ಬ್ಯಾಗು ಹಿಡಿದು ಮೂರು ಗಂಟೆಯಿಂದ ಬೇಸತ್ತು ನಿಂತಿದ್ದ ಒಬ್ಬ ಹೆಂಗಸು ಇದ್ದಳು. ಮಸಾಲೆ ದೋಸೆಯ ಆಸೆ ತೋರಿಸಿ ಕರೆತಂದಿದ್ದನಂತೆ. ಅವಳು ಕತ್ತು ಚಾಚಿ ಗಂಡನ ಫೋನಿನಲ್ಲಿ ಆ ಚಿತ್ರ ನೋಡಿದಳು.

"ಇಷ್ಟಕ್ಕೆ ಇಷ್ಟು ಹೊತ್ತಾ? ದೃಷ್ಟಿಬೊಟ್ಟು ಕಣ್ರೀ ಅದು."

"ಸುಮ್ನಿರೇ. ಇದು ಇಂಟರ್‌ನ್ಯಾಷನಲ್ ಡಿಸೈನು."

"ಆಗ್ಲಿ. ಕಟ್ತಾ ಇರೋ ಮನೆ ಮುಂದೆ ಬೂದುಗುಂಬಳ ಕಟ್ಟಲ್ವಾ? ಇಷ್ಟು ಚೆನ್ನಾಗಿ ಮಾಡಿದವರಿಗೆ ಭಯ ಆಗಿರುತ್ತೆ." ಅವಳು ಬಟ್ಟೆ ಹಿಡಿದು ನಿಂತಿದ್ದ ಪರಸಪ್ಪನವರ ಕಡೆ ತಿರುಗಿದಳು. "ಅಲ್ವಾ ಅಣ್ಣಾ?"

ಗುಂಪು ತಿರುಗಿತು. ಹತ್ತು ಹೆಜ್ಜೆ ಆಚೆ ಮಿರ್ಜಾ ಸಾಹೇಬರು ನಿಂತಿದ್ದರು. ಪರಸಪ್ಪನವರು ಅವರನ್ನು ನೋಡಿದರು. ಗಾಳಿಗಾಗಿ ಮಾಡಿದ್ದು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು; ಸಾಹೇಬರ ಮಾನವೂ ಉಳಿಯುತ್ತಿತ್ತು, ಬಹುಶಃ ತಮ್ಮ ಕ್ಲೇ ರೂಮಿನ ಕೆಲಸವೂ ಉಳಿಯುತ್ತಿತ್ತು. ಸಾಹೇಬರ ಮುಖದಲ್ಲಿ ಏನೂ ಕಾಣಲಿಲ್ಲ.

"ಹೌದವ್ವಾ," ಎಂದರು ಪರಸಪ್ಪನವರು. "ನನ್ನ ಬೆರಳಽ ಅದು."

ಯಾರೂ ನಗಲಿಲ್ಲ. ಓದಿದ್ದೇನೆ ಎಂದಿದ್ದವನೇ ಮೊದಲು ಕೇಳಿದ. "ಕೈಯಲ್ಲಿ ಮಾಡಿದ್ದಾ ಸಾರ್ ಇದನ್ನ? ಇಡೀ ಕಾರು?"

"ಮಣ್ಣಾಗ ಮಾಡ್ತೀವ್ರಿ. ಬರದಾಕಿ ಆ ಹುಡುಗಿ. ತಪ್ಪು ಹಿಡದಾವ್ರು ನಮ್ಮ ಸಾಹೇಬ್ರು. ಕೆರದಾಂವ ನಾನು."

ನಾನೂರೈವತ್ತು ಎಂದಿದ್ದವನು ಸಣ್ಣ ದನಿಯಲ್ಲಿ, "ಅಲ್ಲಿ ಒಂದ್ಸಲ ಬೆರಳಿಡಬಹುದಾ?" ಎಂದ.

ಪರಸಪ್ಪನವರು ಸಾಹೇಬರ ಕಡೆ ತಿರುಗಿದರು. ಒಪ್ಪಿಗೆ ಕೊಡುವ ಹಕ್ಕು ತಮ್ಮದಲ್ಲ. ಆಗ ಮಿರ್ಜಾ ಸಾಹೇಬರು ಬಂದರು. ಕೋಟಿನ ತೋಳು ಮೇಲಕ್ಕೇರಿಸಿ, ಬಗ್ಗಿ, ಒಂದು ಕ್ರೋಟನ್ ಕುಂಡವನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಇನ್ನೊಂದನ್ನೂ ಇಟ್ಟರು. ಕೈಯ ಮಣ್ಣು ಒರೆಸಿಕೊಳ್ಳುತ್ತ ಯಾರಿಗೋ ಹೇಳಿದರು: "ತಿರುಗ್ಸಿ."

ಕಟ್ಟೆ ತಿರುಗಿತು. ಆ ಸಂಜೆಯೂ ಮರುದಿನವೂ ನನ್ನ ಎಡ ಮಗ್ಗುಲಿಗೆ ಎಷ್ಟು ಹೆಬ್ಬೆರಳುಗಳು ಬಂದವೋ ಲೆಕ್ಕವಿಲ್ಲ. ದಪ್ಪನೆಯವು, ಉಗುರುಬಣ್ಣದವು, ಬೆವೆತವು. ಪರಸಪ್ಪನವರು ಪ್ರತಿ ಬೆರಳಿನ ನಂತರವೂ ಒರೆಸಿದರು. ದೇಚಮ್ಮ ಹಗ್ಗದ ಆಚೆ ನಿಂತು, "ನಿದ್ದೆಗಣ್ಣಲ್ಲಿ ಮಾಡಿದವಳು ನಾನೇ" ಎಂದು ನಗುತ್ತ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಳು.

ಮೂರನೆಯ ದಿನ ಹಗ್ಗ ಬಿಚ್ಚಿದ ಮೇಲೆ ಸಾಹೇಬರು ಪರಸಪ್ಪನವರನ್ನು ಕರೆದರು. ಪರಸಪ್ಪನವರು ಬಟ್ಟೆಯನ್ನು ಮಡಚಿ ಕೈಯಲ್ಲಿ ಹಿಡಿದೇ ಹೋದರು.

"ಮುಂದಿನ ಕಾರಿಗೂ ಇಡಿ," ಎಂದರು ಸಾಹೇಬರು. "ಆದ್ರೆ ಎಲ್ಲಿ ಇಟ್ಟಿದ್ದೀರಿ ಅಂತ ಮೊದಲು ನನಗೆ ಹೇಳಿ."

ನನ್ನ ಕತೆ ಅಲ್ಲಿಗೇ ಮುಗಿದಿದ್ದರೆ ಚೆಂದವಿತ್ತು. ಆದರೆ ನನ್ನನ್ನು ಯಾರೂ ತಯಾರಿಸಲಿಲ್ಲ. ಜನಕ್ಕೆ ಈಗ ಎತ್ತರದ ಗಾಡಿ ಬೇಕು, ತಗ್ಗಿನ ಸೆಡಾನ್ ಬೇಡ ಎಂದು ದೊಡ್ಡವರು ತೀರ್ಮಾನಿಸಿದರು. ಅಷ್ಟು ಪ್ರೀತಿಯಿಂದ ಜಗಳವಾಡಿದವರೂ ಹಂಪು, ಮಳೆನೀರು, ಅಪ್ಪ ಅಮ್ಮನ ಮೊಣಕಾಲು ನೋವು ನೆನೆದು ಎತ್ತರದ ಗಾಡಿಗಳನ್ನೇ ಕೊಂಡಿರಬೇಕು. ತಪ್ಪೇನಿಲ್ಲ. ಮೆಚ್ಚಿದ್ದನ್ನೆಲ್ಲ ಯಾರೂ ಮನೆಗೆ ಒಯ್ಯುವುದಿಲ್ಲ.

ಎರಡು ವರ್ಷ ಗೋಡೌನಿನಲ್ಲಿ ಹೊದಿಕೆಯೊಳಗಿದ್ದೆ. ಕೊನೆಗೆ ನನ್ನನ್ನು ಒಡೆದು ಹಾಕಲು ಆದೇಶ ಬಂತು. ಕಾನ್ಸೆಪ್ಟ್ ಕಾರುಗಳಿಗೆ ಸಾಮಾನ್ಯವಾಗಿ ಬರುವ ಮರಣವೇ ಅದು. ಕತ್ತರಿಸುವ ಯಂತ್ರ ಹಿಡಿದವನು ಬಂದಾಗ ಜೊತೆಗೆ ಮಿರ್ಜಾ ಸಾಹೇಬರೂ ಬಂದಿದ್ದರು. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು, ಮೊಣಕಾಲೂರಿ ಕುಳಿತು, ಗುಳಿಯ ಸುತ್ತ ಮೂರಡಿಯ ಒಂದು ಚೌಕ ಎಳೆದರು. ಒಂದು ಕಣ್ಣು ಮುಚ್ಚಿ ನೋಡಿದರು. ಒಂದು ಗೆರೆ ಸೊಟ್ಟಗಿತ್ತು. ಒರೆಸಿ ಮತ್ತೆ ಎಳೆದರು.

"ಇದನ್ನ ಎಲ್ಲಿ ತೂಗುಹಾಕೋಣ ಚಿತ್ರಗಾರ್?"

"ಕೈಗೆ ಸಿಗೂ ಎತ್ತರಕ್ಕ ಇರ್ಲಿ ಸರ್."

ಈಗ ನಾನು ಮೂರಡಿ ಮಾತ್ರ. ಕ್ಲೇ ರೂಮಿನ ಗೋಡೆಯ ಮೇಲೆ, ಒಲೆಯ ಪಕ್ಕದಲ್ಲಿದ್ದೇನೆ. ಎದುರಿಗೆ ಹೊಸದೊಂದು ಕಾರು ಮೂಡುತ್ತಿದೆ, ಎತ್ತರದ್ದು. ಅದರ ಮೈಯಲ್ಲಿರುವುದು ನನ್ನ ಹಳೆಯ ಮಣ್ಣೇ. ಕಿತ್ತು, ಬಿಸಿಮಾಡಿ, ಮತ್ತೆ ಮೆತ್ತುತ್ತಾರೆ. ಆ ಮಣ್ಣಿಗೆ ನನ್ನ ನೆನಪಿಲ್ಲ. ನನಗೆ ಇದೆ. ಬೇಸರವಿಲ್ಲ. ನನ್ನನ್ನು ಮಾಡಿದ ಕೈ ದಿನವೂ ನನ್ನ ಕಣ್ಣೆದುರು ಕೆಲಸ ಮಾಡುತ್ತದೆ. ಎಷ್ಟು ಕಾರುಗಳಿಗೆ ಇಂಥ ಭಾಗ್ಯವಿದೆ?

ಒಂದೊಂದು ಕಾರು ಮುಗಿದ ದಿನವೂ ಸಾಹೇಬರು ಬಾಗಿಲಲ್ಲಿ ನಿಂತು, "ಎಲ್ಲಿ?" ಎನ್ನುತ್ತಾರೆ. ಪರಸಪ್ಪನವರು ಕಣ್ಣಿನಲ್ಲೇ ತೋರಿಸುತ್ತಾರೆ. ದೊಡ್ಡವರು ನೋಡಿ ಹೋಗುತ್ತಾರೆ. ಆಮೇಲೆ ಪರಸಪ್ಪನವರು ಉಕ್ಕಿನ ಪಟ್ಟಿ ಹಿಡಿದು ಆ ಗುಳಿಯನ್ನು ಮೆಲ್ಲಗೆ, ಗುರುತೇ ಉಳಿಯದಂತೆ ತೀಡಿಬಿಡುತ್ತಾರೆ. ತೀಡಿದ ಮೇಲೆ ಗೋಡೆಯ ಹತ್ತಿರ ಬಂದು, ಮಣ್ಣು ಮೆತ್ತಿದ ಹೆಬ್ಬೆರಳನ್ನು ಒಂದು ಗಳಿಗೆ ನನ್ನಲ್ಲಿಡುತ್ತಾರೆ. ಹಾಗೆ ಅಳಿಸಿಹೋದ ಬೆರಳಿನ ಗುರುತುಗಳಿಗೆಲ್ಲ ಉಳಿದಿರುವ ಜಾಗ ನಾನೊಂದೇ.