ಚೆಲುವನ ಸ್ವರ

ಗುಂಡ್ಲುಪೇಟೆಯ ಸಂಗೀತದ ಟೀಚರ್ ಭಾನುವಿಗೆ ಹನ್ನೆರಡು ಸ್ವರ ಸಾಲದೆ ಹೋದದ್ದು ತಮ್ಮ ಚೆಲುವ ಸತ್ತ ದಿನ. ಬದನಗುಪ್ಪೆಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ತಮ್ಮೂರು ಉಮ್ಮತ್ತೂರಿಗೆ ಹೊರಟವನು ದಾರಿಯಲ್ಲೇ ಹೋಗಿಬಿಟ್ಟಿದ್ದ. ಅವ್ವ ಗುರುಮಲ್ಲಮ್ಮ ಅವನ ತಲೆಯ ಹತ್ತಿರ ಕೂತು ಹಾಡಿಕೊಂಡು ಅತ್ತಳು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ದನಿ ತೆಗೆಯುವವಳು ಅವಳೇ. ಅಂದು ‘ಚೆಲ್ವಾ’ ಎಂದು ಎಳೆದ ದನಿ ಚಿಕ್ಕ ಗಾಂಧಾರದಲ್ಲಿ ನಿಲ್ಲಲಿಲ್ಲ, ದೊಡ್ಡ ಗಾಂಧಾರಕ್ಕೂ ಏರಲಿಲ್ಲ, ನಡುವೆ ಸಿಕ್ಕಿಕೊಂಡಿತು. ಕಣ್ಣೀರು ಸುರಿಯುತ್ತಿದ್ದರೂ ಭಾನುವಿನ ಕಿವಿ ಅದನ್ನು ಗುರುತು ಹಾಕಿಕೊಂಡಿತು.

ವರ್ಷ ತುಂಬಿದ ಮೇಲೆ, ಆ ನಡುವಿನ ದನಿಗೂ ಒಂದು ಜಾಗ ಮಾಡಬೇಕೆಂದು, ಅವಳು ಚಾಮರಾಜನಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಆದಿಲನ ಅಂಗಡಿಗೆ ಹೋದಳು. ಷಡ್ಜದಿಂದ ಮೇಲಿನ ಷಡ್ಜದವರೆಗಿನ ದೂರವನ್ನು ಹನ್ನೆರಡರ ಬದಲು ಹದಿನೇಳು ಸಮಪಾಲು ಮಾಡಿ ಇಬ್ಬರೂ ಹೊಸದೊಂದು ಹಾರ್ಮೋನಿಯಂ ಪೆಟ್ಟಿಗೆ ಕಟ್ಟಿದರು. ಒಂದು ಪಾಲಿಗೆ ‘ಎಳೆ’ ಎಂದರು. ಮೂರು ಎಳೆ ಸೇರಿದರೆ ‘ಹುರಿ’. ಆದರೆ ಸರಿಗಮಪದನಿ ಕಳೆದು ಹತ್ತು ಸ್ವರಗಳು ಹೆಸರಿಲ್ಲದೆ ಉಳಿದವು.

“ನಂಬರ್ ಬರೆದ್ಬಿಡ್ಲಾ, ಟೀಚರ್?” ಎಂದ ಆದಿಲ್.

“ನಂಬರ್ ಹಾಡಕ್ಕಾಗಲ್ಲ ಆದಿಲ್. ಬಾಯಿಗೆ ಒಂದೇ ಅಕ್ಷರ ಸಿಗ್ಬೇಕು.”

ಒಂಬತ್ತಕ್ಕೆ ಏನೇನೋ ಅಕ್ಷರ ಹೊಂದಿಸಿದರು. ಷಡ್ಜದಿಂದ ಐದು ಎಳೆ ಮೇಲಿದ್ದ ಆ ನಡುವಿನ ಗಾಂಧಾರಕ್ಕೆ ಭಾನು ‘ಚೆ’ ಎಂದಳು.

“ಛೆ ಅಂದಂಗೆ ಕೇಳ್ತದಲ್ಲ?”

“ಕೇಳ್ಲಿ. ಅದು ನನ್ ತಮ್ಮನ ಹೆಸ್ರು.”

ಆದಿಲ್ ಪೆಟ್ಟಿಗೆಯಲ್ಲಿ ಆ ಸ್ವರದ ಕೀಲಿಯ ಮೇಲೆ ಅಕ್ಷರ ಕೆತ್ತಿದ.

ಸಂಜೆಯ ಪಾಠಕ್ಕೆ ಬರುವ ಹುಡುಗಿಯರಿಗೆ ಹೊಸ ಸ್ವರಗಳು ಬೇಗ ಹತ್ತಿದವು. ತಮ್ಮನ ಹೆಸರು ಇಷ್ಟು ಎಳೆಯ ಬಾಯಿಗಳಲ್ಲಿ ಉಳಿಯಿತಲ್ಲ ಎಂದು ಭಾನುವಿಗೆ ಸಮಾಧಾನವಾಗಿತ್ತು. ಅವ್ವ ನಾಲ್ಕು ದಿನ ಇರಲೆಂದು ಬಂದಾಗ ಅವಳನ್ನೂ ಪಾಠದ ಕೋಣೆಯಲ್ಲಿ ಕೂರಿಸಿದಳು. “ಸ ರಿ ಚೆ, ಚೆ ರಿ ಸ” ಎಂದು ಹುಡುಗಿಯರು ನಗುನಗುತ್ತ ಹಾಡಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಎದ್ದುಹೋದಳು.

ಪಾಠ ಮುಗಿದ ಮೇಲೆ ಕೇಳಿದಳು: “ಆ ಮಕ್ಳು ಹೇಳಿದ್ದು ಏನಮ್ಮಿ ಅದು? ನನ್ ದನಿ ಅಲ್ವಾ?”

ಭಾನು ಎಲ್ಲ ಹೇಳಿದಳು. ಅವ್ವನಿಗೆ ಹೆಮ್ಮೆಯಾದೀತು ಎಂಬ ಆಸೆ ಅವಳಿಗೆ ಇನ್ನೂ ಇತ್ತು.

“ನಾನು ಅಳ್ತಿದ್ದೆ. ನೀನು ಅಳೀತಾ ಕುಂತಿದ್ದೆ ಕಣಮ್ಮಿ” ಎಂದಳು ಗುರುಮಲ್ಲಮ್ಮ. ಬೆಳಿಗ್ಗೆ ಮೊದಲ ಬಸ್ಸಿಗೇ ಊರಿಗೆ ಹೊರಟಳು. ಆಮೇಲೆ ಫೋನ್ ಮಾಡಿದರೆ ‘ಉಂಡೆ, ಮಲಗ್ತೀನಿ’ ಎನ್ನುವಷ್ಟೇ ಮಾತು.

ಭಾನು ಮಕ್ಕಳಿಗೆ ‘ಚೆ’ ಬೇಡ, ‘ಲೋ’ ಅನ್ನಿ ಎಂದಳು. ಅವರು ಸರಿ ಎಂದು ತಲೆಯಾಡಿಸಿ, ಹಾಡುವಾಗ ‘ಚೆ’ ಎಂದೇ ಹಾಡಿದರು. ರೇಗಿದಳು. ಒಬ್ಬ ಹುಡುಗಿ ಅತ್ತಳು. ಭಾನು ಪಾಠವನ್ನೇ ನಿಲ್ಲಿಸಿದಳು.

ಆಷಾಢದಲ್ಲಿ ಸೋದರತ್ತೆ ದೊಡ್ಡಮಾದಮ್ಮ ತೀರಿಕೊಂಡಳು. ಭಾನು ಉಮ್ಮತ್ತೂರು ತಲುಪಿದಾಗ ಹೆಂಗಸರೆಲ್ಲ ಹೆಣದ ಸುತ್ತ ಕೂತು ಗುರುಮಲ್ಲಮ್ಮನ ಮುಖ ನೋಡುತ್ತಿದ್ದರು.

“ದನಿ ತಗಿ ಗುರುಮಲ್ಲಕ್ಕ. ಮೂಕ್ರಂಗೆ ಕಳಿಸ್ಬುಡದಾ ಅವಳ್ನ?” ಎಂದಳು ನೆರೆಮನೆಯ ಮಂಗಮ್ಮ.

ಗುರುಮಲ್ಲಮ್ಮ ಬಾಯಿ ತೆರೆದಳು, ಮುಚ್ಚಿದಳು. ಮಗಳ ಕಡೆಗೆ ವಾಲಿ ಪಿಸುಗುಟ್ಟಿದಳು: “ಬಾಯ್ ತಗುದ್ರೆ ಆ ಮಕ್ಳು ನಗಾದು ಕೇಳ್ತದೆ ಕಣಮ್ಮಿ. ದನಿ ಬರಾಕಿಲ್ಲ.”

ಭಾನುವಿಗೆ ಕೂತಿರಲಾಗಲಿಲ್ಲ. ಅವ್ವನ ಬದಲು ತಾನೇ ‘ಅತ್ತೇ’ ಎಂದು ಎಳೆದಳು. ದನಿ ‘ಚೆ’ಯ ಆ ಐದನೆಯ ಎಳೆಯ ಮೇಲೆ ಕೂದಲೆಳೆಯಷ್ಟೂ ಕದಲದೆ ಹೋಗಿ ನಿಂತಿತು. ಹೆಂಗಸರು ಅಳಲಿಲ್ಲ, ಹಾಡು ಕೇಳುವವರ ಹಾಗೆ ಅವಳನ್ನೇ ನೋಡಿದರು. ಸಾವಿನ ಮನೆಯಲ್ಲಿ ತಾನು ಸರಿಯಾಗಿ ಹಾಡಿದೆನೆಂದು ಅವಳಿಗೆ ತಿಳಿಯಿತು. ದನಿ ಒಡೆಯಿತು.

ಗುರುಮಲ್ಲಮ್ಮ ತನ್ನ ಒರಟು ಅಂಗೈಯಿಂದ ಮಗಳ ಬಾಯಿ ಮುಚ್ಚಿದಳು.

“ಸಾಕು ಬುಡವ್ವ” ಎಂದಳು. “ಎದ್ದೇಳು, ನೀರು ಕಾಯ್ಸಾಕೆ ಸೌದೆ ತರನ.”